ಪ್ರೊಫೆಸರಿಗೆ ಬದಲಿ ಕೂತದ್ದು

ನಮ್ಮೂರಲ್ಲಿ ಯಾರ ಕಾಲಿನ ಅಳತೆ ಎಷ್ಟು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಪ್ಪಲಿ ಅಂಗಡಿಯವನು ಮದುವೆ ದಲ್ಲಾಳಿಗಿಂತ ಮೆಲುದನಿಯಲ್ಲಿ ವ್ಯಾಪಾರ ಮಾಡುತ್ತಾನೆ. ಬುದ್ಧಿವಂತರು ಒಂದು ಅಳತೆ ದೊಡ್ಡದನ್ನೇ ಕೊಂಡು, ಮುಂದೆ ಬಟ್ಟೆ ತುರುಕಿಕೊಂಡು ನಡೆಯುತ್ತಾರೆ. ಹೊರಗಿನಿಂದ ಬಂದವರು ಊರಿಗೆ ಊರೇ ಕಾಲೆಳೆದುಕೊಂಡು ಓಡಾಡುವುದನ್ನು ನೋಡಿ ಇವರಿಗೇನೋ ರೋಗ ಅಂದುಕೊಳ್ಳುತ್ತಾರೆ. ರೋಗವೇನಿಲ್ಲ. ಇಲ್ಲಿ ಯಾರಾದರೂ ಸತ್ತರೆ ಅವರ ಚಪ್ಪಲಿಯನ್ನು ಚೌಕದ ಕಟ್ಟೆಯ ಮೇಲೆ ಇಡುತ್ತಾರೆ. ನೆಂಟರಲ್ಲದವರಲ್ಲಿ ಯಾರ ಕಾಲಿಗೆ ಅದು ಸರಿಯಾಗಿ ಕೂರುತ್ತದೋ ಅವರು ಮುಂದಿನ ಅಮಾವಾಸ್ಯೆಯವರೆಗೆ ಸತ್ತವರಿಗೆ ಬದಲಿ ಕೂರಬೇಕು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಸತ್ತವರ ಮನೆಯಲ್ಲಿ, ಅವರ ಕುರ್ಚಿಯಲ್ಲಿ, ಅವರ ಸಿಟ್ಟು ಸೆಡವುಗಳ ಸಮೇತ. ರಾತ್ರಿ ಮಲಗುವುದಕ್ಕೆ ಮಾತ್ರ ಸ್ವಂತ ಮನೆಗೆ ಹೋಗಬಹುದು. ಅಷ್ಟು ಮರ್ಯಾದೆಯನ್ನು ಹಿರಿಯರು ಉಳಿಸಿಕೊಟ್ಟಿದ್ದಾರೆ.

ಬದಲಿ ಆಡಿದ ಮಾತು ಸತ್ತವರು ಆಡಿದ ಮಾತೇ. ಅಮಾವಾಸ್ಯೆಯ ಸೂರ್ಯ ಮುಳುಗಿದ ಮೇಲೆ ಅದನ್ನೂ, ಸತ್ತವರು ಬದುಕಿದ್ದಾಗ ಆಡಿದ್ದನ್ನೂ ಯಾರೂ ಬದಲಾಯಿಸುವಂತಿಲ್ಲ. ಹಾಗಂತ ಬಾಯಿಗೆ ಬಂದದ್ದು ಆಡುವುದಕ್ಕೂ ಬರುವುದಿಲ್ಲ. ಸತ್ತವರನ್ನು ಚೆನ್ನಾಗಿ ಬಲ್ಲ ಒಬ್ಬರು ಸಾಕ್ಷಿಯಾಗಿ ಜಗಲಿಯ ಮೇಲೆ ಕೂತಿರುತ್ತಾರೆ. ಬದಲಿ ಮಾಡಿದ್ದು ಸರಿಯಿದ್ದರೆ "ಹೌದು" ಅನ್ನುತ್ತಾರೆ, ಸತ್ತವರು ಹಾಗೆ ಮಾಡುತ್ತಿರಲಿಲ್ಲ ಅನಿಸಿದರೆ "ಅಲ್ಲ" ಅನ್ನುತ್ತಾರೆ. "ಅಲ್ಲ" ಅನ್ನಿಸಿಕೊಂಡದ್ದು ಲೆಕ್ಕಕ್ಕಿಲ್ಲ. ಬದಲಿ ಕೂತಿರುವಷ್ಟು ದಿನ ಹೆಂಡತಿಯ ಹಣೆಯ ಕುಂಕುಮಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಸತ್ತವರನ್ನು ನಾವು ಪುಣ್ಯಾತ್ಮರು ಅನ್ನುತ್ತೇವೆ. ಎರಡು ಊಟಕ್ಕೆ ಬದಲಿಯ ಕೆಲಸ ಮುಗಿದಿರುತ್ತದೆ. ಗಣಿತದ ಪ್ರೊಫೆಸರ್ ಅಪ್ರಮೇಯ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಸತ್ತರು. ಬದುಕಿದ್ದಾಗಲೂ ಅವರು ಗಂಟೆ ಹೊಡೆದ ಕೂಡಲೇ ಕ್ಲಾಸು ಬಿಟ್ಟವರಲ್ಲ.

ಅವತ್ತು ನಾನು ಚೌಕಕ್ಕೆ ಹೋಗಲೇಬಾರದಿತ್ತು. ನನ್ನದು ಬೇಕರಿ. ಒಲೆಯ ಮುಂದೆ ಬರಿಗಾಲಲ್ಲಿ ನಿಂತವನು, ಏನು ಗಲಾಟೆ ಎಂದು ನೋಡಲು ಹಾಗೇ ಎದ್ದು ಹೋದೆ. ಬಟ್ಟೆ ತುರುಕಿದ ನನ್ನ ಬೂಟು ಅಂಗಡಿಯಲ್ಲೇ ಉಳಿಯಿತು, ಬಿಗಿಯಾಯ್ತು ಎಂದು ನಂಬಿಸಲು ಕಾಲಲ್ಲಿ ಏನೂ ಇರಲಿಲ್ಲ. ಊರಿನ ಗಂಡಸರೆಲ್ಲ ಒಬ್ಬರ ಹಿಂದೆ ಒಬ್ಬರು ಬಂದು ಆ ಕಪ್ಪು ಚಪ್ಪಲಿಗೆ ಕಾಲು ತೂರಿಸಿ, ದೊಡ್ಡದಾಯ್ತು, ಬಿಗಿಯಾಯ್ತು ಎಂದು ಹೇಳಿ ಖುಷಿಯನ್ನು ಅಡಗಿಸಿಕೊಂಡು ಹೋಗುತ್ತಿದ್ದರು. ನನ್ನ ಕಾಲಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಮೀನಿನ ವ್ಯಾಪಾರಿಯಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ ಗಿರಿಜಾ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮೂರು ಸಲ ಗಣಿತ ಫೇಲಾದೋರು ಒಂದೇ ಬೆಳಿಗ್ಗೆಗೆ ಪ್ರೊಫೆಸರ್ ಆದ್ರಿ. ಪರವಾಗಿಲ್ಲ, ಸಾವು ಯಾರಿಗಾದ್ರೂ ಒಳ್ಳೇದು ಮಾಡ್ತು" ಅಂದಳು. ಮೂರು ಸಲವೂ ಫೇಲು ಮಾಡಿದವರು ಈ ಅಪ್ರಮೇಯರೇ.

ಅವರ ಬಗ್ಗೆ ನಮ್ಮೂರಿಗೆ ಗೊತ್ತಿದ್ದದ್ದು ಇಷ್ಟು. ವಯಸ್ಸಿನಲ್ಲಿ ನೇವಿಯಲ್ಲಿದ್ದರು. ಅಲ್ಲಿಂದ ಬಂದು ನಮ್ಮ ಕಾಲೇಜಿನಲ್ಲಿ ಗಣಿತ ಹೇಳಿದರು. ಬಿಳಿ ಪ್ಯಾಂಟು, ಬಿಳಿ ಶರಟು, ನೆಟ್ಟಗಿನ ಬೆನ್ನು. ಸಮುದ್ರ ನಮ್ಮೂರಿನಿಂದ ಯಾವ ದಿಕ್ಕಿಗೆ ಹೋದರೂ ಬೇಗ ಸಿಗುವುದಿಲ್ಲ. ಅದಕ್ಕೇ ಇರಬೇಕು, ಸಮುದ್ರದ ವಿಷಯದಲ್ಲಿ ಅವರು ಹೇಳಿದ್ದೆಲ್ಲ ನಮಗೆ ವೇದವಾಯಿತು. ಅದರಲ್ಲೂ ಬಿರುಗಾಳಿಯ ಕಥೆ. ಹಡಗು ನಡುಸಮುದ್ರದಲ್ಲಿದೆ, ದಿಕ್ಸೂಚಿ ಒಡೆದಿದೆ, ಕ್ಯಾಪ್ಟನ್ ಜ್ವರದಲ್ಲಿ ಮಲಗಿದ್ದಾನೆ. ತನ್ನ ಅಂಗೈ ತನಗೆ ಕಾಣದಂಥ ಮಳೆ. ಆಗ ಯುವಕ ಅಪ್ರಮೇಯ ಹಗ್ಗದಿಂದ ಸೊಂಟವನ್ನು ಕಂಬಕ್ಕೆ ಬಿಗಿದುಕೊಂಡು, ಧ್ರುವ ನಕ್ಷತ್ರದ ಕೋನ ಅಳೆದು, ಬಾಯಲ್ಲೇ ಲೆಕ್ಕ ಹಾಕಿ ಹಡಗನ್ನು ದಡ ಸೇರಿಸಿದರು. ಗಣರಾಜ್ಯೋತ್ಸವಕ್ಕೂ ಹೇಳುತ್ತಿದ್ದರು, ಗಣೇಶೋತ್ಸವಕ್ಕೂ ಹೇಳುತ್ತಿದ್ದರು. ನಾವು ಪ್ರತಿ ಸಲವೂ ಚಪ್ಪಾಳೆ ಹೊಡೆದೆವು. ನಾನೂ ಹೊಡೆದಿದ್ದೇನೆ, ಬೇಕಾದರೆ ಕೈ ತೋರಿಸುತ್ತೇನೆ.

ಅವರ ಮನೆಯಲ್ಲಿ ಮೊದಲ ದಿನ ಕೂತಾಗ ಗೊತ್ತಾಯಿತು, ಊರು ಯಾವುದನ್ನು ಶಿಸ್ತು ಎಂದು ಹೊಗಳುತ್ತಿತ್ತೋ ಅದನ್ನು ಮಾಡುತ್ತಿದ್ದವರು ಅವರ ಹೆಂಡತಿ ವಕುಳಮ್ಮ. ಬೆಳಗಾಗುವುದರೊಳಗೆ ಮನೆಯ ನೆಲವೆಲ್ಲ ಹಡಗಿನ ಅಟ್ಟದ ಹಾಗೆ ತೊಳೆದಿರಬೇಕು. ಊಟಕ್ಕೆ ಗಂಟೆ ಬಾರಿಸಬೇಕು. ತಿಂಡಿಯಾದ ಮೇಲೆ ಪ್ರೊಫೆಸರು ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. ನಾನೂ ಬೆರಳಾಡಿಸಿದೆ. ಧೂಳಿರಲಿಲ್ಲ. ಜಗಲಿಯಿಂದ ಸಾಕ್ಷಿ ಮುದ್ದುವೀರಪ್ಪನವರು "ಅಲ್ಲ" ಅಂದರು. ಇವರು ಕಾಲೇಜಿನ ಹಳೆಯ ಪ್ರಿನ್ಸಿಪಾಲರು, ಮೂವತ್ತು ವರ್ಷ ಅಪ್ರಮೇಯರ ಪಕ್ಕದ ಕುರ್ಚಿಯಲ್ಲಿ ಕೂತವರು. "ಧೂಳು ಸಿಗೋ ತನಕ ಹುಡುಕ್ತಿದ್ದ ಕಣಯ್ಯ ಅವನು" ಅಂದರು. ಸ್ಟೂಲು ಹಾಕಿಕೊಂಡು ಬಾಗಿಲ ಚೌಕಟ್ಟಿನ ತುದಿಯಲ್ಲಿ ಹುಡುಕಿದೆ, ಒಂದಿಷ್ಟು ಸಿಕ್ಕಿತು. ವಕುಳಮ್ಮ ಅದನ್ನು ನೋಡುವ ಮೊದಲೇ, "ನಾಳೆ ಒರೆಸ್ತೀನಿ" ಅಂದರು. ಆ ಮಾತು ಅವರ ಬಾಯಿಂದ ಉಸಿರಿನ ಹಾಗೆ ಬಂತು. ನನಗೆ ಸ್ಟೂಲಿನಿಂದ ಇಳಿಯಲು ನಾಚಿಕೆಯಾಯಿತು.

ಪ್ರೊಫೆಸರು ಆಕೆಯನ್ನು ಬರೀ "ವಕುಳಾ" ಎಂದು ಕರೆಯುತ್ತಿದ್ದರು. ನಾನು ಚಿಕ್ಕಂದಿನಿಂದ ಅಮ್ಮಾ ಅಂದವನು. ಹಾಗೆ ಕರೆಯುವಾಗ ನೆಲ ನೋಡಿಕೊಂಡೇ ಕರೆಯುತ್ತಿದ್ದೆ. ಇನ್ನು ಆಕೆ ನನಗೆ "ಏನೂಂದ್ರೆ" ಅನ್ನುವಾಗ ಕೇಳುವುದೇ ಬೇಡ. ನಾನು ಬೇರೆ ಜಾತಿಯವನು, ಮಡಿಯ ಮನೆ, ಏನು ಕಥೆಯೋ ಎಂದು ಹೆದರಿದ್ದೆ. ಆದರೆ ಪ್ರೊಫೆಸರು ಜೀವಮಾನದಲ್ಲೇ ಅಡುಗೆಮನೆಯ ಹೊಸಿಲು ದಾಟಿದವರಲ್ಲ, ಹಾಗಾಗಿ ಜಾತಿಯ ಪ್ರಶ್ನೆಯೇ ಏಳಲಿಲ್ಲ.

ಮುದ್ದುವೀರಪ್ಪನವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಮೊದಲ ವಾರದಲ್ಲೇ ಒಂದು ಮಧ್ಯಾಹ್ನ, ಅವರು ಅತ್ತ ಹೋದ ಕೂಡಲೇ ವಕುಳಮ್ಮ ಕಂಬಕ್ಕೊರಗಿ ಕೂತರು.

"ಭೂಷಣ, ಸಾಕ್ಷಿ ಇಲ್ಲ ಅಂತ ಹೆಸರು ಹಿಡಿದು ಕರೀತಿದೀನಿ. ನಿನ್ನಿಂದ ನನಗೊಂದು ಮಾತಾಗಬೇಕು."

"ಹೇಳಿ ಅಮ್ಮಾ."

ಅವರು ಕಿಟಕಿಯ ಕಡೆ ನೋಡಿದರು. ಬೀದಿಯ ಆಚೆಗಿನ ಮನೆ ಅವರ ಅಕ್ಕ ಪದ್ಮಾಸನಿಯವರದು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು, ಅವರ ನಾಲಿಗೆಗೆ ಹೆದರುವ ಜನ ಊರಲ್ಲಿ ಈಗಲೂ ಇದ್ದಾರೆ. ಅಕ್ಕತಂಗಿಯರು ಮಾತು ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಬಿಟ್ಟದ್ದಲ್ಲ, ಬಿಡಿಸಿದ್ದು. ಪ್ರೊಫೆಸರು ನಿವೃತ್ತರಾದ ದಿನ ಮನೆಯಲ್ಲೇ ಊಟವಿತ್ತು. ಪಾಯಸದ ಹೊತ್ತಿಗೆ ಅವರು ಬಿರುಗಾಳಿಯ ಕಥೆ ತೆಗೆದರು. ಪದ್ಮಾಸನಿ ಎಲೆಯಿಂದ ತಲೆಯೆತ್ತಿ, "ಅಪ್ರಮೇಯನೋರೆ, ಅಂಗೈ ಕಾಣದಂಥ ಮಳೇಲಿ ನಕ್ಷತ್ರ ಹೇಗೆ ಕಂಡ್ತು?" ಎಂದು ಕೇಳಿದರು. ಪಂಕ್ತಿಯ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರು ಎಲೆ ಬಿಟ್ಟು ಎದ್ದರು. ಅವತ್ತು ಸಂಜೆಯೇ ಹೆಂಡತಿಗೆ ಅಪ್ಪಣೆಯಾಯಿತು. ಆ ಮನೆಯ ಹೊಸಿಲು ತುಳಿಯಬಾರದು, ಆ ಹೆಂಗಸಿನ ಜೊತೆ ಮಾತಾಡಬಾರದು, ಬಾಯಲ್ಲೂ ಸನ್ನೆಯಲ್ಲೂ.

"ಬೆಳಿಗ್ಗೆ ಅವಳು ರಂಗೋಲಿ ಹಾಕೋವಾಗ ನಾನೂ ಹಾಕ್ತೀನಿ" ಅಂದರು ವಕುಳಮ್ಮ. "ಅವಳ ಸೊಂಟ ಬಗ್ಗೋದು ಕಮ್ಮಿಯಾಗಿರೋದು ಕಾಣುತ್ತೆ. ಏನಾಯ್ತು ಅಂತ ಕೇಳೋ ಹಾಗಿಲ್ಲ. ಅಮಾವಾಸ್ಯೆ ಕಳೆದ್ರೆ ಅವರ ಮಾತು ಕಲ್ಲಾಗುತ್ತೆ. ಆಮೇಲೆ ನಾವಿಬ್ಬರೂ ಹೀಗೇ ಸಾಯ್ಬೇಕು. ಬದಲಿ ನೀನಾಗಿದೀಯ. ಹೋಗು ಅಂತ ಒಂದು ಮಾತು ಅಂದುಬಿಡು."

ಇದೇನು ಮಹಾ ಎಂದುಕೊಂಡೆ ನಾನು. ಮಾರನೆಯ ಬೆಳಿಗ್ಗೆ ಸಾಕ್ಷಿಯ ಎದುರಿಗೇ, ಗಂಟಲು ಸರಿಮಾಡಿಕೊಂಡು, "ವಕುಳಾ, ಇನ್ನು ನೀನು ಪದ್ಮಾಸನಿ ಮನೆಗೆ ಹೋಗಬಹುದು" ಅಂದೆ.

"ಅಲ್ಲ" ಅಂದರು ಮುದ್ದುವೀರಪ್ಪ. ಪತ್ರಿಕೆಯಿಂದ ಕಣ್ಣೆತ್ತಲೂ ಇಲ್ಲ. "ಅಪ್ರಮೇಯ ಆಡಿದ ಮಾತು ತಾನಾಗಿ ವಾಪಸ್ ತಗೊಂಡೋನಲ್ಲ. ಕರುಣೆ ಗಿರುಣೆ ನಿನ್ನ ಬೇಕರೀಲಿ ಇಟ್ಕೊ."

ವಕುಳಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವತ್ತು ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಪ್ರೊಫೆಸರಾಗಿ ನಾನು ಕೂಗಾಡಬೇಕಿತ್ತು, ಕೂಗಾಡಿದೆ. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟನ್ನೆಲ್ಲ ಆ ಮನುಷ್ಯನ ಬಾಯಲ್ಲೇ ಕೂಗಿದ್ದರಿಂದ ಚೆನ್ನಾಗಿಯೇ ಬಂತು. ಸಾಕ್ಷಿ ಮೆಚ್ಚಿಕೊಂಡು "ಹೌದು" ಅಂದರು.

ಅಷ್ಟರಲ್ಲಿ ಪುರಸಭೆ ಅಧ್ಯಕ್ಷ ಹೊನ್ನಪ್ಪ ಹಾರ ಹಿಡಿದುಕೊಂಡು ಬಂದ. ಊರಿಗೊಬ್ಬ ವೀರಪುರುಷ ಇಲ್ಲ ಎಂಬ ಕೊರಗು ಅವನಿಗೆ ಬಹಳ ದಿನದಿಂದ ಇತ್ತು. ಪಕ್ಕದ ಊರಲ್ಲಿ ಇಬ್ಬರಿದ್ದಾರೆ, ಒಬ್ಬ ಕುದುರೆಯ ಮೇಲೆ.

"ಭೂಷಣ, ಅಂದ್ರೆ ಸಾರ್, ಚೌಕದಲ್ಲಿ ನಿಮ್ಮ ಪ್ರತಿಮೆ ನಿಲ್ಲಿಸ್ತಿದೀವಿ" ಅಂದ. "ಕೈಯಲ್ಲಿ ದುರ್ಬೀನು. ಕಾಲ ಕೆಳಗೆ ಅಲೆ. ಅಲೇನ ಸಿಮೆಂಟಲ್ಲಿ ಮಾಡೋದು ಕಷ್ಟವಂತೆ, ಶಿಲ್ಪಿ ಬೆಟ್ಟ ಮಾಡ್ಕೊಡ್ತೀನಿ ಅಂತಾನೆ. ನೀಲಿ ಬಣ್ಣ ಹೊಡೆದ್ರೆ ಆಯ್ತು."

ಪ್ರತಿಮೆ ಆಗಲೇ ಕುತ್ತಿಗೆಯವರೆಗೆ ಸಿದ್ಧವಾಗಿತ್ತು. ಬೇರೆ ಯಾರೋ ಮುಖಂಡರಿಗೆಂದು ಶುರುಮಾಡಿಸಿದ್ದು, ಅವರು ಪಕ್ಷ ಬಿಟ್ಟರು, ಅದು ತಲೆಯಿಲ್ಲದೆ ನಿಂತಿತು. ಈಗ ತಲೆ ಸಿಕ್ಕಿದೆ. ಬೇಕಾದದ್ದು ಒಂದೇ. ಅಮಾವಾಸ್ಯೆಯ ಹಿಂದಿನ ಸಂಜೆ ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ಸಭೆ. ಅಲ್ಲಿ ಬದಲಿ ಬಿರುಗಾಳಿಯ ಕಥೆಯನ್ನು ಕೊನೆಯ ಸಲ ಹೇಳಬೇಕು, ಸಾಕ್ಷಿ ಹೌದು ಅನ್ನಬೇಕು, ಅದನ್ನು ಪ್ರತಿಮೆಯ ಪೀಠದಲ್ಲಿ ಕೆತ್ತಿಸಬೇಕು.

"ಕೆತ್ತಿಸಿದ ಮೇಲೆ ಯಾರೂ ಎದುರು ಮಾತಾಡೋ ಹಾಗಿಲ್ಲ ನೋಡಿ" ಎಂದು ಹೊನ್ನಪ್ಪ ಖುಷಿಯಿಂದ ಕೈ ಉಜ್ಜಿಕೊಂಡ.

ಕಾಫಿ ಲೋಟ ಕೊಡಲು ಬಂದಿದ್ದ ವಕುಳಮ್ಮ ಆ ಮಾತು ಕೇಳಿಸಿಕೊಂಡರು. ಅವನು ಹೋದ ಮೇಲೆ, ಸಾಕ್ಷಿಯೂ ಊಟಕ್ಕೆದ್ದ ಮೇಲೆ, "ಹಾಗಾದ್ರೆ ಮುಗೀತು ಬಿಡು" ಅಂದರು. ಮುಗಿಯಿತು ಅಂದರೆ ಏನು ಎಂಬುದು ನನಗೂ ಗೊತ್ತಿತ್ತು. ಮಳೆಯೂ ನಕ್ಷತ್ರವೂ ಒಟ್ಟಿಗೆ ಕಲ್ಲಿಗೆ ಹೋದರೆ ಪದ್ಮಾಸನಿ ಕೇಳಿದ್ದು ಶಾಶ್ವತವಾಗಿ ಅವಮಾನವೇ ಆಗುತ್ತದೆ. ಅವಮಾನಕ್ಕೆ ಹಾಕಿದ ಶಿಕ್ಷೆಯೂ ಶಾಶ್ವತ. ಊರಿಗೆ ವೀರಪುರುಷ ಸಿಗಬೇಕಾದರೆ ಈ ಇಬ್ಬರು ಮುದುಕಿಯರು ಬಾಯಿ ಮುಚ್ಚಿಕೊಂಡೇ ಸಾಯಬೇಕು.

"ಅಮ್ಮಾ, ನಿಜವಾಗಿ ಏನಾಗಿತ್ತು ಸಮುದ್ರದಲ್ಲಿ?" ಎಂದು ಕೇಳಿದೆ.

"ಸಮುದ್ರದಲ್ಲಿ ಅವರಿದ್ದರೆ ತಾನೇ ಏನಾದ್ರೂ ಆಗೋದು?" ಅಂದರು. "ದಡದಲ್ಲಿ ಹೊಸ ಹುಡುಗರಿಗೆ ಪಾಠದ ಶಾಲೆ ಇತ್ತು. ಕೋನ ಅಳೆಯೋದು, ನಕ್ಷತ್ರದಿಂದ ದಾರಿ ಹುಡುಕೋದು, ಅದನ್ನ ಹೇಳ್ಕೊಡ್ತಿದ್ರು. ಹಡಗು ಹತ್ತಿದ್ದು ಒಂದೆರಡು ಸಲ, ಹತ್ತಿದಾಗೆಲ್ಲ ವಾಂತಿ. ಅವರ ಹತ್ರ ಕಲಿತ ಹುಡುಗ ಒಬ್ಬ ಬಿರುಗಾಳೀಲಿ ಸಿಕ್ಕಿಕೊಂಡು ಬದುಕಿ ಬಂದ. ಬಂದೋನು ನೇರ ನಮ್ಮ ಮನೆಗೇ ಬಂದು ಇವರ ಕಾಲು ಹಿಡಿದು ಅತ್ತ. ಮೋಡ ಒಂದು ಗಳಿಗೆ ಸರೀತು ಸಾರ್, ನಕ್ಷತ್ರ ಕಂಡ್ತು, ನೀವು ಹೇಳ್ಕೊಟ್ಟ ಹಾಗೇ ಅಳೆದೆ ಅಂದ. ನಾನೇ ಅವನಿಗೆ ಉಪ್ಪಿಟ್ಟು ಬಡಿಸಿದ್ದು."

ಈ ಊರಿಗೆ ಬಂದ ಮೇಲೆ ಆ ಹುಡುಗನ ಜಾಗದಲ್ಲಿ ಇವರು ನಿಂತರು. ಮೊದಮೊದಲು ಮೋಡ ಸರಿಯುವುದೂ ಕಥೆಯಲ್ಲಿ ಇತ್ತಂತೆ. ಚಪ್ಪಾಳೆ ಬಿದ್ದಂತೆಲ್ಲ ವರ್ಷದಿಂದ ವರ್ಷಕ್ಕೆ ಮಳೆ ಜೋರು ಮಾಡುತ್ತ ಹೋದರು. ಕೊನೆಗೆ ಎಷ್ಟು ಜೋರಾಯಿತೆಂದರೆ ಮೋಡ ಸರಿಯಲು ಜಾಗವೇ ಉಳಿಯಲಿಲ್ಲ. ಇಡೀ ಊರು ಅದನ್ನು ಕೇಳಿತು. ಊರಲ್ಲಿ ವಕೀಲರಿದ್ದಾರೆ, ಡಾಕ್ಟರಿದ್ದಾರೆ, ಮಳೆಗಾಲದಲ್ಲಿ ಆಕಾಶ ನೋಡಿ ಹಪ್ಪಳ ಒಣಹಾಕುವ ಹೆಂಗಸರಿದ್ದಾರೆ. ಪದ್ಮಾಸನಿ ಒಬ್ಬರನ್ನು ಬಿಟ್ಟು ಯಾರಿಗೂ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಪಾಯಸ ಬಿಡುವ ಮನಸ್ಸಾಗುತ್ತಿರಲಿಲ್ಲ.

ನಾನು ಒಂದೆರಡು ದಿನ ಪ್ರೊಫೆಸರ ಕುರ್ಚಿಯಲ್ಲಿ ಕೂತು ಪ್ರೊಫೆಸರನ್ನೇ ಯೋಚಿಸಿದೆ. ಸುಮ್ಮನೆ ನಾನಾಗಿ ಸಭೆಯಲ್ಲಿ ನಿಜ ಹೇಳಿದರೆ ಸಾಕ್ಷಿ "ಅಲ್ಲ" ಅನ್ನುತ್ತಾರೆ, ಮುಗಿಯಿತು. ಈ ಮನುಷ್ಯ ಬದುಕಿನಲ್ಲಿ ಎಂದಾದರೂ ತಪ್ಪೊಪ್ಪಿದ್ದುಂಟೇ? ಉಂಟು. ಕ್ಲಾಸಿನಲ್ಲಿ. ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಯಾವನೇ ದಡ್ಡ ಎದ್ದು ನಿಂತು "ಸಾರ್, ಈ ಹೆಜ್ಜೆ ಹೇಗೆ ಬಂತು?" ಎಂದು ಕೇಳಿದರೆ ಅವರು ಉತ್ತರ ಹೇಳಲೇಬೇಕು. ಹೇಳಲಾಗದಿದ್ದರೆ ಅಳಿಸುತ್ತಿದ್ದರು. ಡಸ್ಟರು ಮುಟ್ಟುತ್ತಿರಲಿಲ್ಲ, ಸ್ವಂತ ತಪ್ಪನ್ನು ಬರಿಗೈಯಲ್ಲಿ ಅಳಿಸಿ, ಬಿಳಿಯಾದ ಅಂಗೈಯನ್ನು ನಮಗೆಲ್ಲ ತೋರಿಸಿ ಮುಂದಕ್ಕೆ ಹೋಗುತ್ತಿದ್ದರು. ಅದನ್ನು ನೋಡಲು ನಾವು ಚಾತಕಪಕ್ಷಿಯಂತೆ ಕಾಯುತ್ತಿದ್ದೆವು. ನನಗೆ ಮೂರು ಸಲ ಸೊನ್ನೆ ಕೊಟ್ಟ ಮನುಷ್ಯನ ಬಗ್ಗೆ ನನಗಿದ್ದ ಒಂದೇ ಒಂದು ಗೌರವ ಅದು.

"ಅಮ್ಮಾ, ಸಭೆಯಲ್ಲಿ ಯಾರಾದ್ರೂ ಎದ್ದು ಆ ಪ್ರಶ್ನೆ ಕೇಳ್ಬೇಕು" ಅಂದೆ. "ಪದ್ಮಾಸನಿಯವರು ಕೇಳಿದ್ರೆ ಪ್ರೊಫೆಸರು ಮುಖ ತಿರುಗಿಸ್ತಾರೆ. ಊರಿನೋರು ಕೇಳೋದಿಲ್ಲ. ನೀವೇ ಕೇಳಿ."

"ನಾನಾ?" ಅಂದರು ಅವರು. "ಉಪ್ಪು ಸಾಕಾ ಅನ್ನೋದು ಬಿಟ್ಟು ಅವರಿಗೆ ನಾನು ಬೇರೆ ಪ್ರಶ್ನೆನೇ ಕೇಳಿಲ್ಲ, ಭೂಷಣ."

"ಅದಕ್ಕೇ ಹೇಳ್ತಿರೋದು."

"ನನ್ನಿಂದ ಆಗಲ್ಲ ಕಣೋ. ನೀನು ಅವರಲ್ಲ ಅಂತ ಗೊತ್ತು. ಆದ್ರೂ ನಿನ್ನ ಮೈಮೇಲೆ ಅವರ ಬಿಳಿ ಶರಟು ಕಂಡ್ರೆ ಭಯ ಆಗುತ್ತೆ."

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಹೊನ್ನಪ್ಪ ಮೊದಲು ಮಾತಾಡಿ, ಅಪ್ರಮೇಯರು ಸಮುದ್ರವನ್ನು ಗಣಿತದಿಂದ ಗೆದ್ದವರು, ಗಣಿತವನ್ನು ಸಮುದ್ರದಿಂದ ಗೆದ್ದವರು ಅಂದ. ಹಾಗೆಂದರೆ ಏನು ಎಂದು ಯಾರಿಗೂ ತಿಳಿಯದಿದ್ದರೂ ಚಪ್ಪಾಳೆ ಬಿತ್ತು. ಕನ್ನಡ ಮೇಷ್ಟ್ರೊಬ್ಬರು ಅವರನ್ನು ದೀಪಸ್ತಂಭ ಅಂದರು, ಇನ್ನೊಬ್ಬರು ಲಂಗರು ಅಂದರು, ಮೂರನೆಯವರಿಗೆ ಹಡಗಿನಲ್ಲಿ ಬೇರೇನೂ ಉಳಿಯದೆ ಹಗ್ಗ ಅಂದರು. ಕಾಪಿ ಹೊಡೆದು ಅವರ ಕೈಗೇ ಸಿಕ್ಕಿಬಿದ್ದು ಕಾಲೇಜಿನಿಂದ ಹೊರಗೆ ಹಾಕಿಸಿಕೊಂಡವನೊಬ್ಬ, ಈಗ ದೊಡ್ಡ ಕಂಟ್ರಾಕ್ಟರು, ತನ್ನ ಏಳಿಗೆಗೆಲ್ಲ ಗುರುಗಳೇ ಕಾರಣ ಎಂದು ಕಣ್ಣೊರೆಸಿಕೊಂಡ. ಅದೊಂದು ನಿಜವಿರಬಹುದು. ಮುದ್ದುವೀರಪ್ಪನವರು ಶಾಲು ಹೊದ್ದು ವೇದಿಕೆಯ ಮೂಲೆಯಲ್ಲಿ ಸಾಕ್ಷಿಯಾಗಿ ಕೂತಿದ್ದರು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ವಕುಳಮ್ಮ. ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಪದ್ಮಾಸನಿ.

ನನ್ನ ಸರದಿ ಬಂತು. ಆ ಸಭಾಂಗಣದಲ್ಲೇ ಒಂದು ಕಾಲಕ್ಕೆ ದೊಡ್ಡ ಕ್ಲಾಸುಗಳು ನಡೆಯುತ್ತಿದ್ದವು, ವೇದಿಕೆಯ ಹಿಂದಿನ ಗೋಡೆಯಲ್ಲಿ ಬೋರ್ಡು ಹಾಗೇ ಇತ್ತು. ಅದರ ಮೇಲೆ ಪ್ರೊಫೆಸರ ಫೋಟೋ ಇರುವ ಬ್ಯಾನರು ಕಟ್ಟಿದ್ದರು. ಬ್ಯಾನರನ್ನು ಪಕ್ಕಕ್ಕೆ ಸರಿಸಿ ಬೋರ್ಡಿನ ಮೇಲೆ ಹಡಗು ಬರೆದೆ, ಮೇಲೆ ನಕ್ಷತ್ರ ಬರೆದೆ, ಎರಡಕ್ಕೂ ಗೆರೆ ಎಳೆದೆ. ಚಿತ್ರವಿಲ್ಲದೆ ಅವರು ಈ ಕಥೆ ಹೇಳಿದ್ದೇ ಇಲ್ಲ. ಗಾಳಿ ಬೀಸಿಸಿದೆ, ದಿಕ್ಸೂಚಿ ಒಡೆಸಿದೆ, ಕ್ಯಾಪ್ಟನ್‌ಗೆ ಜ್ವರ ಬರಿಸಿದೆ. ತನ್ನ ಅಂಗೈ ತನಗೆ ಕಾಣದಂಥ ಮಳೆಯನ್ನೂ ಸುರಿಸಿದೆ. "ಆಗ ನಾನು ಧ್ರುವ ನಕ್ಷತ್ರದ ಕೋನ ಅಳೆದೆ" ಅಂದೆ. ಚಪ್ಪಾಳೆ ಶುರುವಾಯಿತು. ವಕುಳಮ್ಮ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ಬಗ್ಗಿಸಿ ಕೂತಿದ್ದರು. ನಾನು ಗೆರೆಯನ್ನು ಇನ್ನೊಂದು ಸಲ ತಿದ್ದಿದೆ, ಹಡಗಿಗೆ ಬೇಡದ ಬಾವುಟವೊಂದನ್ನು ಬರೆದೆ. ಇನ್ನು ಎಳೆಯಲು ಏನೂ ಉಳಿದಿರಲಿಲ್ಲ. ಚಪ್ಪಾಳೆ ನಿಂತಿತು, ಮುದ್ದುವೀರಪ್ಪನವರು "ಹೌದು" ಅನ್ನಲು ಬಾಯಿ ತೆರೆದರು.

"ಏನೂಂದ್ರೆ" ಎಂಬ ಮಾತು ಕೇಳಿಸಿತು.

ವಕುಳಮ್ಮ ಎದ್ದು ನಿಂತಿದ್ದರು. ಪಕ್ಕದ ಕುರ್ಚಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು.

"ಏನು?" ಅಂದೆ. ಪ್ರೊಫೆಸರು ಹಾಗೇ ಅನ್ನುತ್ತಿದ್ದರು, ಬಾಗಿಲು ಹಾಕಿದ ಹಾಗೆ.

"ಅಂಗೈ ಕಾಣದಂಥ ಮಳೆ ಅಂದ್ರಿ. ನಕ್ಷತ್ರ ಹೇಗೆ ಕಾಣ್ತು? ಆ ಹೆಜ್ಜೆ ನನಗೆ ಅರ್ಥವಾಗಲಿಲ್ಲ."

ಹೊನ್ನಪ್ಪ ನನ್ನತ್ತ ಕಣ್ಣು ಬಿಡುತ್ತಿದ್ದ. ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಆಮೇಲೆ ನಕ್ಷತ್ರವನ್ನು ಅಂಗೈಯಲ್ಲಿ ಅಳಿಸಿದೆ. ಗೆರೆ ಅಳಿಸಿದೆ. ಹಡಗನ್ನೂ ಅಳಿಸಿ ಸಭೆಯತ್ತ ತಿರುಗಿ ಕೈ ತೋರಿಸಿದೆ.

"ಈ ಹೆಜ್ಜೆ ತಪ್ಪು" ಅಂದೆ. "ಅಳೆದದ್ದು ನಾನಲ್ಲ, ನನ್ನ ವಿದ್ಯಾರ್ಥಿ. ಮೋಡ ಸರಿದಾಗ ಅಳೆದ. ನಾನು ದಡದಲ್ಲಿ ಪಾಠ ಹೇಳುತ್ತಿದ್ದೆ, ಅಷ್ಟು ಮಾತ್ರ ನನ್ನದು. ಪದ್ಮಾಸನಿ ಕೇಳಿದ್ದು ಸರಿಯಾದ ಪ್ರಶ್ನೆ. ಸರಿಯಾದ ಪ್ರಶ್ನೆಗೆ ನಾನು ಹಾಕಿದ ಶಿಕ್ಷೆಯೂ ತಪ್ಪು. ಅದನ್ನೂ ಅಳಿಸಿದ್ದೇನೆ."

ಹೊನ್ನಪ್ಪ ಎದ್ದು, "ಇದು ಬೇಕರಿಯವನ ತರಲೆ. ಸಾಕ್ಷಿಗಳು ಅಲ್ಲ ಅನ್ಬೇಕು" ಎಂದು ಕೂಗಿದ. ಹಿಂದಿನಿಂದ ನಾಲ್ಕು ಜನ ಅಲ್ಲ ಅಲ್ಲ ಎಂದು ದನಿಗೂಡಿಸಿದರು. ಎಲ್ಲರೂ ಮುದ್ದುವೀರಪ್ಪನವರತ್ತ ನೋಡಿದರು. ಅವರು ಕನ್ನಡಕ ತೆಗೆದು, ಹೊದಿಸಿದ್ದ ಹೊಸ ಶಾಲಿನಲ್ಲೇ ಒರೆಸಿ, ಮತ್ತೆ ಹಾಕಿಕೊಂಡರು.

"ಮನೇಲಿ ಹೆಂಡತಿ ಈ ಪ್ರಶ್ನೆ ಕೇಳಿದ್ದಿದ್ರೆ ಅಪ್ರಮೇಯ ಊಟದ ತಟ್ಟೆ ಎಸೀತಿದ್ದ" ಅಂದರು. "ಅದು ನನಗೆ ಗೊತ್ತು. ಕ್ಲಾಸಲ್ಲಿ ವಿದ್ಯಾರ್ಥಿ ಕೇಳಿದ್ದಿದ್ರೆ ಅಳಿಸ್ತಿದ್ದ. ಅದೂ ಗೊತ್ತು. ಇಲ್ಲಿ ಕೇಳಿದೋರು ಹೆಂಡತಿ, ಕೇಳಿದ ಜಾಗ ಕಾಲೇಜು. ಹಾಗಾಗಿ ಯೋಚನೆ ಮಾಡ್ಬೇಕಾಯ್ತು." ತಿರುಗಿ ಬೋರ್ಡನ್ನು ನೋಡಿದರು. "ಬೋರ್ಡಿದೆ. ಕೈಲಿ ಚಾಕ್‌ಪೀಸಿದೆ. ಆದ್ದರಿಂದ ಇದು ಕ್ಲಾಸು. ಹೌದು, ಅವನು ಅಪ್ರಮೇಯನೇ."

ಮದುವೆಯಾಗಿ ಅಷ್ಟು ವರ್ಷ ಕಳೆದ ಮೇಲೆ, ಗಂಡ ಸತ್ತ ಮೇಲೆ, ಒಂದು ಬೋರ್ಡಿನ ದೆಸೆಯಿಂದ ಆ ಹೆಂಗಸಿಗೆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಊರಿನವರಿಗೆ ಮಾತ್ರ ಯಾರೋ ಜೇಬಿಗೆ ಕೈಹಾಕಿದಷ್ಟು ಕೋಪ ಬಂದಿತ್ತು. ಪಾಠ ಹೇಳಿಕೊಟ್ಟದ್ದರಿಂದ ತಾನೇ ಆ ಹುಡುಗ ಬದುಕಿದ್ದು, ಆ ಪ್ರತಿಮೆಯನ್ನು ಅದಕ್ಕೇ ನಿಲ್ಲಿಸಬಹುದಲ್ಲ ಎಂದು ನಾನು ಹೊನ್ನಪ್ಪನಿಗೆ ಹೇಳಿ ನೋಡಿದೆ. "ಪಾಠ ಹೇಳ್ಕೊಟ್ಟೋರಿಗೆಲ್ಲ ಪ್ರತಿಮೆ ಮಾಡ್ತಾ ಹೋದ್ರೆ ಜನ ನಿಲ್ಲೋದೆಲ್ರಿ?" ಅಂದ. ಆ ತಲೆಯಿಲ್ಲದ ಪ್ರತಿಮೆ ಇವತ್ತಿಗೂ ಪುರಸಭೆಯ ಗೋಡೌನಿನಲ್ಲಿದೆ, ಯಾರಾದರೂ ಸಾಯಲಿ ಎಂದು ಕಾಯುತ್ತಿದೆ.

ಇತ್ತ ವಕುಳಮ್ಮ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಸಾಲಿಗೆ ಹೋದರು. ಜನ ಗದ್ದಲದಲ್ಲೂ ದಾರಿ ಬಿಟ್ಟರು. ನಾನು ವೇದಿಕೆಯಿಂದಿಳಿದು ಹಿಂದೆಯೇ ಹೋದೆ. ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ, ನನಗೂ ಒಂದು ಒಳ್ಳೆಯ ಮಾತು ಸಿಗುತ್ತದೆ ಎಂಬ ಆಸೆಯಿತ್ತು.

"ಅಕ್ಕಾ" ಅಂದರು ವಕುಳಮ್ಮ. "ಅವರು ಹೋಗಬಹುದು ಅಂದ್ರು."

ಪದ್ಮಾಸನಿ ಗೋಡೆಗೆ ಒರಗಿಸಿದ್ದ ಊರುಗೋಲಿಗೆ ಕೈ ಹಾಕಿದರು.

"ಅವರು ಬೇಡ ಅಂದ್ರು, ನೀನು ಬರಲಿಲ್ಲ" ಅಂದರು. "ಮಧ್ಯೆ ಇದ್ದದ್ದು ಒಂದು ಬೀದಿ. ಸಮುದ್ರವೇನಲ್ಲ. ಇವತ್ತು ಬಂದಿದೀಯ, ಅದೂ ಅವರ ಅಪ್ಪಣೆ ತಗೊಂಡೇ." ಊರುಗೋಲು ಊರಿಕೊಂಡು ಎದ್ದು ಬಾಗಿಲ ಕಡೆ ನಡೆದುಬಿಟ್ಟರು.

ಮಾರನೆಯ ದಿನ ಅಮಾವಾಸ್ಯೆ, ನಾನು ಬದಲಿ ಕೂರುವ ಕೊನೆಯ ದಿನ. ನೆಲ ತೊಳೆದಿತ್ತು, ಊಟದ ಗಂಟೆಯೂ ಹೊಡೆಯಿತು. ವಕುಳಮ್ಮ ಬಡಿಸಿದವರು ಕಿಟಕಿಗೆ ಬೆನ್ನು ಹಾಕಿ ಕೂತರು. ನನಗೆ ತಡೆಯಲಾಗಲಿಲ್ಲ. ಸಾಕ್ಷಿ ತೂಕಡಿಸುವಾಗ ಮೆಲ್ಲಗೆ, "ಅಮ್ಮಾ, ಬೇಕಾದ್ರೆ ಪ್ರೊಫೆಸರಾಗಿ ನಾನೇ ಹೋಗಿ ಅವರಿಗೆ ಹೇಳ್ತೀನಿ" ಅಂದೆ.

"ನೀವು ಸುಮ್ನಿರಿ" ಅಂದರು. ನನಗೆ ಹೇಳಿದ್ದೋ ಪ್ರೊಫೆಸರಿಗೆ ಹೇಳಿದ್ದೋ ತಿಳಿಯಲಿಲ್ಲ.

ಮಧ್ಯಾಹ್ನದ ನಿದ್ದೆಯಾದ ಮೇಲೆ ಪ್ರೊಫೆಸರು ಕುರ್ಚಿಯಲ್ಲಿ ಕೂತು ಕಾಫಿಗೆ ಕಾಯುತ್ತಿದ್ದರು, ನಾನೂ ಕಾಯುತ್ತ ಕೂತೆ. ಒಳಗಿನಿಂದ ವಕುಳಮ್ಮ ಬಂದರು. ಕೈಯಲ್ಲಿ ಲೋಟವಿರಲಿಲ್ಲ. ಸೀರೆ ಬದಲಾಯಿಸಿಕೊಂಡು, ತಲೆ ಬಾಚಿಕೊಂಡಿದ್ದರು. ನನ್ನನ್ನು ದಾಟಿ ಬಾಗಿಲಿಗೆ ಹೋದರು.

"ಅಪ್ರಮೇಯ ಆಗಿದ್ರೆ ಕೇಳ್ತಿದ್ದ" ಎಂದು ಮುದ್ದುವೀರಪ್ಪನವರು ಜಗಲಿಯಿಂದ ನೆನಪಿಸಿದರು.

"ಎಲ್ಲಿಗೆ? ಕಾಫಿ ಎಲ್ಲಿ?" ಎಂದು ಕೇಳಿದೆ.

ಅವರು ಮೆಟ್ಟಿಲಿಳಿದರು.

"ಕೂಗ್ತಿದ್ದ" ಅಂದರು ಮುದ್ದುವೀರಪ್ಪ.

"ವಕುಳಾ" ಎಂದು ಕೂಗಿದೆ. ಬೀದಿಯ ಆ ತುದಿಯಲ್ಲಿ ಸೊಪ್ಪು ಮಾರುವವಳು ಬುಟ್ಟಿ ಹಿಡಿದು ನಿಂತಳು, ಅಷ್ಟು ಜೋರಾಗಿ ಕೂಗಿದೆ. ವಕುಳಮ್ಮ ತಿರುಗಲಿಲ್ಲ. ಬೀದಿ ದಾಟಿ ಎದುರು ಮನೆಯ ಬಾಗಿಲು ಬಡಿದರು. ಯಾರೂ ತೆರೆಯಲಿಲ್ಲ. ಮತ್ತೆ ಬಡಿದರು. "ಬಾಗಿಲು ತೆಗಿಯೇ ಪದ್ದಕ್ಕ, ಈ ಸಲ ಯಾರನ್ನೂ ಕೇಳ್ಕೊಂಡು ಬಂದಿಲ್ಲ ನಾನು" ಅಂದರು. ನಾನು ಇನ್ನೊಂದು ಸಲ ಕೂಗಿದೆ. ಬಾಗಿಲು ತೆರೆಯಿತು.

"ಸರಿಯಾಗಿ ಕೂಗಿದೆ. ಹೌದು" ಅಂದರು ಸಾಕ್ಷಿ.

ಆಮೇಲೆ ಜಗಳ ಶುರುವಾಯಿತು. ಅಂಥ ಜಗಳವನ್ನು ನಮ್ಮ ಬೀದಿ ಅದಕ್ಕೆ ಮೊದಲು ಕೇಳಿರಲಿಲ್ಲ. ಅಮ್ಮನ ಕಾಸಿನ ಸರದಿಂದ ಶುರುವಾಗಿ ಯಾರದೋ ನಾಮಕರಣಕ್ಕೆ ಬಾರದೇ ಇದ್ದದ್ದು, ಯಾರೋ ಕಾಯಿಲೆಯಲ್ಲಿ ನೀರು ಕೇಳಿದಾಗ ಕಿಟಕಿ ಹಾಕಿಕೊಂಡದ್ದು, ಒಂದೊಂದೂ ಹೊರಗೆ ಬಂತು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ಇಬ್ಬರೂ ಅಳುತ್ತಿದ್ದರು, ಅಳುತ್ತಲೇ ಬೈಯುತ್ತಿದ್ದರು. ಮುದ್ದುವೀರಪ್ಪನವರು ಕಿವಿಯ ಹಿಂದೆ ಕೈಯಿಟ್ಟುಕೊಂಡು ಕೇಳಿದರು. ಗಿರಿಜಾ ಬೇಕರಿ ಬಾಗಿಲು ಹಾಕಿಕೊಂಡು ಬಂದು ಬೀದಿಯಲ್ಲಿ ನಿಂತಳು.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು, ಡಿಕಾಕ್ಷನ್ ಇಳಿದಿರುವ ವಾಸನೆಯೂ ಬರುತ್ತಿತ್ತು. ಆದರೆ ಪ್ರೊಫೆಸರು ತಾವಾಗಿ ಹೋಗಿ ಕಾಫಿ ಬೆರೆಸಿಕೊಳ್ಳುವವರಲ್ಲ. ಹೊತ್ತು ಮುಳುಗಿತು. ಯಾರೂ ಕಾಫಿ ತರಲಿಲ್ಲ.